ಸಸಿ ನೆಡಲು ಹೊರಟವರ ಜೊತೆ ಹುಲ್ಲು ನೆಟ್ಟೆವು

ಮಳೆ ಶುರುವಾದರೆ ಸಾಕು, ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಗಿಡ ನೆಡುವ ಮಾತು ಏಳುತ್ತದೆ. ಸಸಿ, ಬಸ್ಸು, ಉಪ್ಪಿಟ್ಟು ಎಲ್ಲ ಸಿದ್ಧ. ಜಾಗ ಮಾತ್ರ ಪ್ರತಿ ಸಲ ಒಂದೇ ಥರದ್ದು: ದಿವೆ ಘಾಟ್ ಹತ್ತಿ ಸಾಸ್ವಡ ಕಡೆ ಹೋದರೆ ಸಿಗುವ ಬೋಳು ಮಾಳ. "ಖಾಲಿ ಬಿದ್ದದಲ್ರೀ, ಮರ ಬೆಳೀಲಿ" ಅಂತ ಎಲ್ಲರೂ ಅನ್ನುತ್ತಾರೆ. ನಾನು ರಜೆ ಸಿಕ್ಕಾಗಲೆಲ್ಲ ಹುಲ್ಲುಗಾವಲಿನ ಹಕ್ಕಿಗಳನ್ನು ನೋಡಿ ಬರೆದಿಡುವವನು. ಆ ಜಾಗ ಖಾಲಿ ಇಲ್ಲ ಅಂತ ಇವರಿಗೆ ತೋರಿಸಲೇಬೇಕು ಅನ್ನಿಸಿತು.

ಭಾಷಣ ಮಾಡಲಿಲ್ಲ. ನೆಡುವ ಮೊದಲು ಒಂದು ಬೆಳಿಗ್ಗೆ ಜಾಗ ನೋಡಿ ಬರೋಣ ಎಂದೆ. ಬಿಸಿಲು ಏರುವ ಮುಂಚೆ ಅಲ್ಲಿದ್ದೆವು. ಒಂದು ಮಣ್ಣಿನ ಹೆಂಟೆಯ ಮಗ್ಗುಲಲ್ಲಿ ನೆಲಗುಬ್ಬಿ ಕೂತಿತ್ತು. ದೂರದಲ್ಲೇ ಎಲ್ಲರನ್ನೂ ನಿಲ್ಲಿಸಿ ಬೈನಾಕ್ಯುಲರ್ ಕೊಟ್ಟೆ. ಗೂಡಿನ ಹತ್ತಿರ ನಾನು ಯಾರನ್ನೂ ಬಿಡುವುದಿಲ್ಲ, ನಮ್ಮ ಓಡಾಟದಿಂದ ನಾಯಿಗೂ ಕಾಗೆಗೂ ಗೂಡಿನ ಸುಳಿವು ಸಿಗುತ್ತದೆ. ಹಕ್ಕಿ ಎದ್ದು ಹೋದಾಗ ಮಣ್ಣಿನ ಬಣ್ಣದ, ಚುಕ್ಕೆ ಚುಕ್ಕೆಯ ಮೊಟ್ಟೆ ಕಂಡವು. ಧಾರವಾಡದ ಕಾಕಾ ಒಬ್ಬರು ಬೈನಾಕ್ಯುಲರ್ ಇಳಿಸಲೇ ಇಲ್ಲ. "ಇಲ್ಲೇ ಗುಣಿ ತೋಡ್ತಿದ್ವಲ್ಲೋ ತಮ್ಮಾ" ಎಂದರು.

ಅಲ್ಲೇ ಕೂತು ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ ವಿಷಯ ತೆಗೆದೆ. ಮರಾಠಿಯಲ್ಲಿ ಮಾಳಢೋಕ್, ರಾಜಸ್ಥಾನದಲ್ಲಿ ಗೋಡಾವಣ್. ಅದೂ ಬಯಲಿನ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ. ಸಾಮಾನ್ಯವಾಗಿ ಒಂದೇ ಮೊಟ್ಟೆ. ಬೆಳೆದ ಗಂಡು 15 ಕೆ.ಜಿ. ತನಕ ತೂಗಬಹುದು. ಇದಕ್ಕೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ವಿದ್ಯುತ್ ತಂತಿ ಕಂಡ ಮೇಲೂ ಇಷ್ಟು ಭಾರದ ಹಕ್ಕಿಗೆ ಥಟ್ಟನೆ ಪಕ್ಕಕ್ಕೆ ತಿರುಗಲು ಆಗುವುದಿಲ್ಲ, ಬಡಿದು ಸಾಯುತ್ತದೆ. ಈಗ ದೇಶದ ಬಯಲುಗಳಲ್ಲಿ ಉಳಿದಿರುವುದು ಸುಮಾರು 150 ಅಷ್ಟೇ, ಹೆಚ್ಚಿನವು ಜೈಸಲ್ಮೇರ್ ಕಡೆ.

"ಸರಕಾರ ಏನೂ ಮಾಡಿಲ್ಲೇನು?" ಅಂತ ಕಾಕಾ ಕೇಳಿದರು. ಮಾಡಿದೆ, ಮತ್ತು ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ರಾಜಸ್ಥಾನ ಅರಣ್ಯ ಇಲಾಖೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ ಜೈಸಲ್ಮೇರ್ ಹತ್ತಿರದ ಸಮ್ ಎಂಬಲ್ಲಿ, ಬಯಲಿನಿಂದ ತಂದ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿದವು. ಆಮೇಲೆ ರಾಮದೇವ್ರಾದಲ್ಲೂ ಮರಿ ಬೆಳೆಸುವ ಕೇಂದ್ರ ಬಂತು. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರಲ್ಲಿ ಆ ಆದೇಶ ಸಡಿಲವಾಗಿ ವಿಷಯ ತಜ್ಞರ ಸಮಿತಿಗೆ ಹೋಯಿತು.

ನನ್ನ ಚಿಂತೆ ಬೇರೆ. ಆ ಮರಿಗಳನ್ನು ನಾಳೆ ಬಿಡುವುದೆಲ್ಲಿ? ನಮ್ಮ ಪುಣೆ ವನ್ಯಜೀವಿ ವಿಭಾಗದ ಕೆಳಗೇ ಎರೆಭೂತಕ್ಕೆಂದೇ ಮಾಡಿದ ಸೋಲಾಪುರದ ನಾನ್ನಜ್ ಅಭಯಾರಣ್ಯ ಬರುತ್ತದೆ. 1979ರಲ್ಲಿ ಘೋಷಿಸಿದಾಗ 8,496 ಚದರ ಕಿ.ಮೀ. ಊರು, ಹೊಲ ಎಲ್ಲ ಅದರೊಳಗೇ ಸೇರಿ, ಜಮೀನು ಮಾರುವುದೂ ಕಷ್ಟವಾಗಿ ಜನ ಬೇಸತ್ತರು. ಕೊನೆಗೆ ಅದನ್ನು 1,222ಕ್ಕೆ ಇಳಿಸಿದರು. ಇಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ರೈತ ಸಿಟ್ಟಾಗಿದ್ದರೆ ಯಾವ ಹಕ್ಕಿಯೂ ಉಳಿಯುವುದಿಲ್ಲ. ಆದರೆ ಸುತ್ತಲಿನ ಮಾಳಗಳು ಕಬ್ಬಿಗೆ, ಕಟ್ಟಡಕ್ಕೆ ಹೋಗುತ್ತಲೇ ಇವೆ. ಸರಕಾರಿ ಕಾಗದದಲ್ಲಿ ಹುಲ್ಲುಗಾವಲು ಇವತ್ತಿಗೂ ಪಾಳುಭೂಮಿಯ ಪಟ್ಟಿಯಲ್ಲಿ ಬರುತ್ತದೆ. ಒಂದು ಕಡೆ ಇಷ್ಟು ಖರ್ಚು ಮಾಡಿ ಮರಿ ಬೆಳೆಸಿ, ಇನ್ನೊಂದು ಕಡೆ ಅದರ ಮನೆಯನ್ನೇ ಪಾಳು ಅನ್ನುವುದು ನನಗೆ ತುಂಬಾ ನೋವು ಕೊಡುತ್ತದೆ.

ಆ ವರ್ಷ ಬಳಗ ಸಸಿ ನೆಡಲಿಲ್ಲ. ಪರಿಚಯದ ರೈತರೊಬ್ಬರ ಕುರಣದಲ್ಲಿ, ಅಂದರೆ ಮೇವಿಗೆಂದು ಹುಲ್ಲು ಬಿಟ್ಟ ಜಾಗದಲ್ಲಿ, ಅವರ ಒಪ್ಪಿಗೆ ಪಡೆದು ಕೆಲಸ ಮಾಡಿದೆವು. ಅರಣ್ಯ ಇಲಾಖೆಯ ಜಾಗವಾದರೆ ಬರಹದಲ್ಲಿ ಅನುಮತಿ ಬೇಕು, ಸುಮ್ನೆ ಹೋಗಿ ಅಗೆಯುವ ಹಾಗಿಲ್ಲ. ಮೊದಲು ಹಬ್ಬಿದ್ದ ಗ್ಲಿರಿಸಿಡಿಯಾ, ನಮ್ಮ ಕಡೆಯ ಗೊಬ್ಬರದ ಗಿಡ, ಅದರ ಎಳೆ ಸಸಿಗಳನ್ನು ಬೇರು ಸಮೇತ ಕಿತ್ತೆವು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ನೆಲ ನೆಂದ ಮೇಲೆ ಮಾರ್ವೆಲ್ ಹುಲ್ಲಿನ ಬುಡ ತಂದು, ಎರಡು ಮೂರು ಕಡ್ಡಿ ಬೇರಿನೊಡನೆ ಬಿಡಿಸಿ, ಖಾಲಿ ತೇಪೆಗಳಲ್ಲಷ್ಟೇ ಊರಿದೆವು. ಪವನ್ಯಾ ಮತ್ತು ಡೋಂಗರಿ ಹುಲ್ಲಿನ ಬೀಜವನ್ನು ಮಳೆಗಾಲ ಮುಗಿದ ಮೇಲೆ ತೆನೆಯಿಂದ ಕೈಯಲ್ಲೇ ಉಜ್ಜಿ ತೆಗೆದಿಟ್ಟೆವು. ಸುಲಭವಾಗಿ ಉದುರಿದರೆ ಬಲಿತಿದೆ ಅಂತ ಅರ್ಥ. ಎಳೆಯಬೇಕಾದರೆ ಇನ್ನೂ ಕಾಯಬೇಕು.

ಈ ಕುರಣಕ್ಕೆ ಎರೆಭೂತ ಬರುವುದಿಲ್ಲ, ಗೊತ್ತು. ಆದರೆ ನೆಲಗುಬ್ಬಿಗೆ, ಗೌಜಲಿಗೆ, ಚಳಿಗಾಲದಲ್ಲಿ ಬರುವ ಸೆಳೆವ ಎಂಬ ಬೇಟೆಹಕ್ಕಿಗಳಿಗೆ ಇದೇ ಜಾಗ ಬೇಕು. ಮತ್ತೆ, ಮಾಳವನ್ನು ಬೆಲೆಯುಳ್ಳ ಭೂಮಿ ಅಂತ ನೋಡುವ ಜನ ಪುಣೆಯಂಥ ಊರಲ್ಲಿ ಜಾಸ್ತಿಯಾದರೆ ನಾನ್ನಜ್‌ನ ಮಾಳದ ಪರವಾಗಿಯೂ ನಾಲ್ಕು ದನಿ ಏಳುತ್ತವೆ, ಅಲ್ವಾ? ಹುಲ್ಲು ಕೊಯ್ಯುವಾಗ ಅಂಚಿನ ಒಂದು ಪಟ್ಟಿಯನ್ನು ಹಾಗೇ ಬಿಡಲು ರೈತರು ಒಪ್ಪಿದ್ದಾರೆ. ಅಷ್ಟು ಮೇವಿನ ಬೆಲೆಯನ್ನು ಬಳಗ ಸಸಿಗೆಂದು ಎತ್ತಿಟ್ಟಿದ್ದ ದುಡ್ಡಿನಿಂದ ಕೊಡುತ್ತಿದೆ. ಲೆಕ್ಕ ನೋಡಿಕೊಳ್ಳುವವರು ಧಾರವಾಡದ ಕಾಕಾ.