ಅಳಿಸೋಕೆ ಮುಂಚೆ ಲಿಂಕ್ ಬರೆದಿಟ್ಕೊಳ್ಳಿ

ದಾವಣಗೆರೆ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯ್ತು. ಮೊದಲೆಲ್ಲ ಜಮೀನಿನ ತಕರಾರು, ಚೆಕ್ ಬೌನ್ಸ್. ಈಗ ಹೆಣ್ಣುಮಕ್ಕಳು ಸೆರಗಿನಡಿ, ದುಪಟ್ಟಾದಡಿ ಮೊಬೈಲ್ ಮುಚ್ಚಿಕೊಂಡು ಬರ್ತಾರೆ. ಜಗಳೂರು ಕಡೆಯ ಹುಡುಗಿಯೊಬ್ಬಳ ಮುಖವನ್ನು ಯಾರದೋ ಮೈಗೆ ಅಂಟಿಸಿ ಆನ್‌ಲೈನಲ್ಲಿ ಹಾಕಿದ್ದರು. ಹೆದರಿ ಎಲ್ಲಾ ಅಳಿಸಿಬಿಟ್ಟಿದ್ದಳು. ತೋರಿಸೋಕೆ ಪುರಾವೆಯೇ ಉಳಿಯದೆ ಅರ್ಜಿ ಅರ್ಧ ಪುಟವೂ ತುಂಬಲಿಲ್ಲ.

ಹಾಗಾಗಿ ಬ್ಲಾಕ್ ಮಾಡೋಕೆ ಮುಂಚೆ ಪೋಸ್ಟಿನ ಲಿಂಕ್ ಕಾಪಿ ಮಾಡಿ. ಖಾತೆಯ ಹೆಸರನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ, ತಾರೀಕು, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. 18 ತುಂಬದ ಮಗುವಿನ ಅಶ್ಲೀಲ ಚಿತ್ರವಾದರೆ ಮಾತ್ರ ಉಳಿಸಬೇಡಿ, ಯಾರಿಗೂ ಕಳಿಸಬೇಡಿ, ಲಿಂಕ್ ಸಾಕು.

ಆಮೇಲೆ ಎರಡು ದೂರು. ಒಂದು ಆ ಪೋಸ್ಟ್ ಇರುವ ಆ್ಯಪ್‌ನ ಕಂಪನಿಗೆ. ಇಂಥ ಅಶ್ಲೀಲ ಚಿತ್ರವನ್ನು ದೂರು ಬಂದ 24 ಗಂಟೆಯೊಳಗೆ ತೆಗೀಬೇಕು ಅಂತ ನಮ್ಮ ಐಟಿ ನಿಯಮ 2021ರಲ್ಲೇ ಹೇಳಿತ್ತು, 2026ರ ಫೆಬ್ರವರಿಯಿಂದ ಅದನ್ನು 2 ಗಂಟೆಗೆ ಇಳಿಸಿದ್ದಾರೆ. ಅಂಟಿಸಿದ ಚಿತ್ರಕ್ಕೂ ಅದು ಅನ್ವಯ. ಅಮೆರಿಕದ 2025ರ ಕಾನೂನಿನಲ್ಲಿ 48 ಗಂಟೆ. ನೀವು ದೂರು ಕೊಡದೆ ಆ ಗಂಟೆಗಳ ಲೆಕ್ಕ ಶುರುವಾಗಲ್ಲ.

ಇನ್ನೊಂದು ಪೊಲೀಸರಿಗೆ: ಜಿಲ್ಲೆಯ ಸಿಇಎನ್ ಠಾಣೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡುವ ಠಾಣೆ), ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. 'ನಮ್ಮ ವ್ಯಾಪ್ತಿ ಅಲ್ಲ' ಅಂದರೆ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಕಲಮಿನ ಮಾತೆತ್ತಿ. ಅಪರಾಧ ಎಲ್ಲೇ ನಡೆದಿರಲಿ, ದೂರು ದಾಖಲಿಸಬೇಕು. ಆನ್‌ಲೈನಲ್ಲಿ ಬೆನ್ನುಬಿದ್ದು ಕಾಡಿದರೆ ಬಿಎನ್‌ಎಸ್ (ಹಳೇ ಐಪಿಸಿ ಬದಲು ಬಂದ ಕಾನೂನು) 78, ಅಶ್ಲೀಲ ಚಿತ್ರ ಹಾಕಿದರೆ ಐಟಿ ಕಾಯ್ದೆಯ 67, 67ಎ, ಹೆಸರು ಮರೆಸಿ ಬೆದರಿಸಿದರೆ ಬಿಎನ್‌ಎಸ್ 351. ಹಳೇ ನಮೂನೆ ನೋಡಿ ಐಟಿ ಕಾಯ್ದೆಯ 66ಎ ಬರೆಸಬೇಡಿ, ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ.

ಅರ್ಜಿಯ ಮೊದಲ ಸಾಲಿಗೇ ಬಹಳ ಹುಡುಗಿಯರು 'ನನ್ನಿಂದ ತಪ್ಪಾಗಿದೆ' ಅಂತ ಹೇಳಿ ಬರೆಸ್ತಾರೆ. ಅದನ್ನು ನಾನು ಟೈಪ್ ಮಾಡಲ್ಲ. 'ನಿಂದೇನು ತಪ್ಪವ್ವಾ?' ಅಂತೀನಿ. ಮೆಕ್ಸಿಕೊದ ಒಲಿಂಪಿಯಾ ಕೋರಲ್ ಮೆಲೊ ಕತೆ ಹೇಳ್ತೀನಿ. ಹದಿನೆಂಟರ ಹುಡುಗಿ, ಖಾಸಗಿ ವಿಡಿಯೊ ಊರೆಲ್ಲ ಹರಡಿತು. ಮನೆಯೊಳಗೆ ಅಡಗಿದ್ದವಳೇ ಎದ್ದು ಬಂದು ವರ್ಷಗಟ್ಟಲೆ ಹೋರಾಡಿದಳು. 2021ರಲ್ಲಿ ಅವಳ ಹೆಸರಿನಿಂದಲೇ ಕರೆಯುವ ಕಾನೂನು ಇಡೀ ದೇಶಕ್ಕೆ ಬಂತು: ಒಪ್ಪಿಗೆ ಇಲ್ಲದೆ ಹಂಚಿದವರಿಗೆ 3ರಿಂದ 6 ವರ್ಷ ಜೈಲು. ನೀವೂ ಆ ಪದವನ್ನೇ ಬರೆಸಿ: 'ನನ್ನ ಒಪ್ಪಿಗೆ ಇಲ್ಲದೆ ಹಂಚಿದ್ದಾರೆ'.

ಠಾಣೆಯಿಂದ ಬರಿಗೈಲಿ ವಾಪಸ್ ಬರಬೇಡಿ. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ, ಕೇಳಿ ಇಸ್ಕೊಳ್ಳಿ.