ಎರಡು ತೋಟದ ರೋಬಸ್ಟಾ: ಜೀನ್ ವೈವಿಧ್ಯ ಅಳೆಯುವುದು ಹೇಗೆ?

ಕೊಡಗಿನ ಸಿದ್ದಾಪುರದಲ್ಲೊಂದು ತೋಟ, ಗೋಣಿಕೊಪ್ಪದಲ್ಲೊಂದು ತೋಟ, ಎರಡರಲ್ಲೂ ಹಳೇ ರೋಬಸ್ಟಾ ಕಾಫಿ ಅಂದುಕೊಳ್ಳಿ. ಒಂದು ತೋಟದ ಒಳಗೆ ಗಿಡಗಿಡಕ್ಕೆ ಎಷ್ಟು ವ್ಯತ್ಯಾಸ? ತೋಟತೋಟಕ್ಕೆ ಎಷ್ಟು? ಪ್ರಶ್ನೆ ಎರಡು, ಅಳತೆಯೂ ಎರಡು. ಲೆಕ್ಕ ಹೈಸ್ಕೂಲಿನದ್ದೇ.

ಮೊದಲು ಎಲೆ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದೇ ತಾಯಿಗಿಡದಿಂದ ಕಸಿ ಮಾಡಿದ ಹತ್ತು ಗಿಡ ಜೀನ್ ಲೆಕ್ಕದಲ್ಲಿ ಒಂದೇ ಗಿಡ. ಯಾವುದು ಕಸಿ, ಯಾವುದು ಬೀಜದ್ದು ಅಂತ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ. ಕಸಿಗಿಡವಾದರೆ ಬುಡದಿಂದ ಎದ್ದ ಚಿಗುರನ್ನು ಮುಟ್ಟಬೇಡಿ, ಅದು ಬೇರುಗಿಡದ್ದು, ಅಂದರೆ ಕಸಿಗೆ ಬುಡವಾಗಿ ಕೊಟ್ಟ ಬೇರೆ ಗಿಡದ್ದು. ಎಳೆ ಎಲೆ ಕಿತ್ತು, ಗಿಡಕ್ಕೊಂದು ಕವರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಹಾಕಿ. ನಮ್ಮ ಮಳೆಗಾಲದಲ್ಲಿ ಜೆಲ್ ಬೇಗ ಬಣ್ಣ ತಿರುಗುತ್ತದೆ, ಬದಲಿಸುತ್ತಿರಿ.

ಡಿಎನ್‌ಎ ಕೆಲಸ ಲ್ಯಾಬಿನದ್ದು. ರೋಬಸ್ಟಾಕ್ಕೆ 22 ಕ್ರೋಮೋಸೋಮ್, ಅಂದರೆ 11 ಜೋಡಿ. ಹಾಗಾಗಿ ಒಂದು ಮಾರ್ಕರಿಗೆ (ಗಿಡಗಿಡಕ್ಕೆ ಬದಲಾಗಬಲ್ಲ, ಡಿಎನ್‌ಎಯ ಒಂದು ಗುರುತಿನ ಜಾಗ) ಗಿಡಕ್ಕೆ ಎರಡು ಪ್ರತಿ. 44 ಕ್ರೋಮೋಸೋಮಿನ ಅರೇಬಿಕಾಕ್ಕೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ.

ಈಗ ಉದಾಹರಣೆಗೆ ಸುಮ್ನೆ ಒಂದಿಷ್ಟು ಅಂಕಿ. ಮಾರ್ಕರಿಗೆ ‘ಕ’, ‘ಗ’ ಅಂತ ಎರಡು ರೂಪ. ಸಿದ್ದಾಪುರದ 20 ಗಿಡದಲ್ಲಿ ಕಕ 12, ಕಗ 6, ಗಗ 2. ಒಟ್ಟು 40 ಪ್ರತಿಯಲ್ಲಿ ‘ಕ’ 30, ಅಂದರೆ 0.75, ‘ಗ’ 0.25. ನಿರೀಕ್ಷಿತ ವೈವಿಧ್ಯ, ಅಂದರೆ ಗಿಡಗಳು ಆಯ್ಕೆಯಿಲ್ಲದೆ ಬೆರೆತರೆ ಇರಬೇಕಾದ ಕಗ ಗಿಡಗಳ ಪಾಲು, 2 × 0.75 × 0.25 = 0.375. ನಿಜಕ್ಕೂ ಕಂಡ ಕಗ ಗಿಡ 6/20, ಅಂದರೆ 0.30.

ಕಡಿಮೆ ಬಂತು, ಅಲ್ವಾ? ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಒಳತಳಿ (ಹತ್ತಿರದ ಸಂಬಂಧದ ಗಿಡಗಳೇ ಬೆರೆತದ್ದು) ಅಂತ ಕೂಡಲೇ ತೀರ್ಮಾನಿಸಬೇಡಿ. ಬೇರೆ ಬೇರೆ ಮೂಲದ ಬೀಜದ ಗಿಡಗಳನ್ನು ಒಂದೇ ಗುಂಪು ಮಾಡಿದರೂ ಹೀಗಾಗುತ್ತದೆ. ಮಾರ್ಕರಿನ ಒಂದು ರೂಪ ಲ್ಯಾಬಿನಲ್ಲಿ ಕಾಣಿಸದೇ ಹೋದರೂ ಹೀಗಾಗುತ್ತದೆ. 20 ಗಿಡದಲ್ಲಿ ಬರೀ ಆಕಸ್ಮಿಕವೂ ಇರಬಹುದು.

ಗೋಣಿಕೊಪ್ಪದಲ್ಲಿ ಅಂಕಿ ತಿರುವುಮುರುವು: ಕಕ 2, ಕಗ 6, ಗಗ 12. ಒಳಗಿನ ವೈವಿಧ್ಯ ಅಲ್ಲೂ 0.375. ಇಷ್ಟಕ್ಕೇ ನಿಲ್ಲಿಸಿದರೆ ಎರಡೂ ತೋಟ ಒಂದೇ ಅನ್ನಿಸುತ್ತದೆ. ಎರಡನ್ನೂ ಕೂಡಿಸಿ ನೋಡಿ: ‘ಕ’ 0.5, ‘ಗ’ 0.5, ಒಟ್ಟು ವೈವಿಧ್ಯ 0.5. ಒಟ್ಟಿನಿಂದ ಒಳಗಿನದನ್ನು ಕಳೆದು ಒಟ್ಟಿನಿಂದಲೇ ಭಾಗಿಸಿ: 0.125 ÷ 0.5 = 0.25. ಇದೇ ಎಫ್‌ಎಸ್‌ಟಿ (FST), ತೋಟತೋಟದ ನಡುವಿನ ಭೇದಕ್ಕೆ ತಳಿವಿಜ್ಞಾನಿ ಸೀವಾಲ್ ರೈಟ್ ಕೊಟ್ಟ ಅಳತೆ. ಸೊನ್ನೆಯಾದರೆ ಭೇದವಿಲ್ಲ, 0.05ರ ಒಳಗಿದ್ದರೆ ಅಲ್ಪ, 0.25 ಅಂದರೆ ಬಹಳ ದೊಡ್ಡದು.

ಆದರೆ ಒಂದೇ ಮಾರ್ಕರ್ ನಂಬಿ ಕೂರಬೇಡಿ. ಹತ್ತಾರು ಮಾರ್ಕರ್ ನೋಡಿ. ಆಗ ಎಫ್‌ಎಸ್‌ಟಿಗಳ ಸರಾಸರಿ ತೆಗೆಯಬೇಡಿ. ಒಳಗಿನ ವೈವಿಧ್ಯದ ಸರಾಸರಿ, ಒಟ್ಟು ವೈವಿಧ್ಯದ ಸರಾಸರಿ ಬೇರೆ ಬೇರೆ ತೆಗೆದು, ಕೊನೆಗೆ ಒಮ್ಮೆ ಭಾಗಿಸಿ.