ಇವಾಪೊರೇಟೆಡ್ ಮಿಲ್ಕ್ ಟಿನ್ ಬಿಟ್ಟು ನೀಲಿ ಪ್ಯಾಕೆಟ್ ಹಾಲು ಹಿಡಿದ ಕಥೆ

"ಟಿನ್ ಇಲ್ಲದೆ ಟ್ರೆಸ್ ಲೆಚೆಸ್ ಆಗಲ್ಲ ಕಣೇ, ಸುಮ್ನೆ ಹಾಲು ದಂಡ" ಅಂತ ಶಿವಮೊಗ್ಗದಲ್ಲಿ ನನ್ನ ಹಾಗೆ ಮನೆಯಲ್ಲೇ ಕೇಕ್ ಮಾಡುವ ಗೆಳತಿಯರೆಲ್ಲ ಹೇಳಿದ್ದರು. ಟ್ರೆಸ್ ಲೆಚೆಸ್ ಅಂದರೆ ಮೂರು ಬಗೆಯ ಹಾಲಲ್ಲಿ ನೆನೆಸಿದ ಸ್ಪಾಂಜ್ ಕೇಕ್. ಟಿನ್ ಅಂದರೆ ಅದಕ್ಕೆ ಹಾಕುವ ಇವಾಪೊರೇಟೆಡ್ ಮಿಲ್ಕ್, ನೀರಿನಂಶ ಬತ್ತಿಸಿ ಗಟ್ಟಿ ಮಾಡಿದ ಹಾಲು. ಟಿನ್ ಇಲ್ಲದೆಯೂ ಆಗುತ್ತೆ. ಕಳೆದ ಕ್ರಿಸ್‌ಮಸ್‌ಗೆ ಇಪ್ಪತ್ತೆಂಟೋ ಮೂವತ್ತೋ ಕೇಕ್ ಕೊಟ್ಟೆ. ಒಂದೂ ವಾಪಸ್ ಬರಲಿಲ್ಲ.

ನಾನು ಹಟ ಹಿಡಿದದ್ದು ದುಡ್ಡಿಗಾಗಿ. ಇವಾಪೊರೇಟೆಡ್ ಮಿಲ್ಕ್ ನಮ್ಮೂರ ಅಂಗಡಿಗಳಲ್ಲಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದಾಗ ಟಿನ್‌ಗೆ 280 ರೂಪಾಯಿ ಆಸುಪಾಸು ಬಿತ್ತು. ಒಂದು ಕೇಕಿಗೆ ಒಂದು ಟಿನ್ ಅಂದರೆ ಲಾಭವೆಲ್ಲ ಅದಕ್ಕೇ ಹೋಗುತ್ತಿತ್ತು.

ಮೊದಲು ಮಾಡಿದ ತಪ್ಪು, ಕಂಡೆನ್ಸ್ಡ್ ಮಿಲ್ಕ್ ಆದ ಮಿಲ್ಕ್‌ಮೇಡ್‌ಗೆ ನೀರು ಬೆರೆಸಿ ಅದರ ಜಾಗಕ್ಕೆ ಹಾಕಿದ್ದು. ಎರಡೂ ನೀರು ತೆಗೆದ ಹಾಲೇ ಅಲ್ವಾ ಅಂದುಕೊಂಡೆ. ಆದರೆ ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಶೇ. 40ಕ್ಕೂ ಜಾಸ್ತಿ ಸಕ್ಕರೆ. ಅದು ಕೆಡದಂತೆ ಕಾಯುವುದೇ ಆ ಸಕ್ಕರೆ. ಇವಾಪೊರೇಟೆಡ್‌ನಲ್ಲಿ ಸಕ್ಕರೆ ಬೆರೆಸಿರುವುದೇ ಇಲ್ಲ, ಟಿನ್ ಮುಚ್ಚಿದ ಮೇಲೆ ಜೋರು ಶಾಖ ಕೊಟ್ಟಿರುತ್ತಾರೆ. ಕೇಕಿಗೆ ಹೇಗೂ ಕಂಡೆನ್ಸ್ಡ್ ಹಾಕುತ್ತೇವೆ, ಅದರ ಮೇಲೆ ಮತ್ತದೇ. ಎರಡು ಕೇಕ್ ವಾಪಸ್ ಬಂದವು. ನೀರು ಎಷ್ಟು ಬೆರೆಸಿದರೂ ಹಾಲಿನ ಸಾರಕ್ಕಿಂತ ಸಕ್ಕರೆಯೇ ಮುಂದೆ ನಿಲ್ಲುತ್ತದೆ.

ಆಮೇಲೆ ಫುಲ್ ಕ್ರೀಮ್ ಹಾಲು ಬತ್ತಿಸಿದೆ. ಒಲೆ ಮೇಲೆ ಚೆನ್ನಾಗಿಯೇ ಕಂಡಿತು. ಫ್ರಿಡ್ಜ್‌ನಲ್ಲಿ ಇಟ್ಟು ಬೆಳಿಗ್ಗೆ ನೋಡಿದರೆ ಮೇಲೆಲ್ಲ ಬೆಣ್ಣೆ ಕಾಳು. ಸ್ಪಾಂಜ್ ಹಾಲನ್ನು ಹೀರಿತು, ಜಿಡ್ಡು ಮೇಲೇ ಉಳಿಯಿತು. ಬರೀ ಹಾಲಿನ ಪುಡಿ ಕದಡಿಯೂ ನೋಡಿದೆ. ಗಂಟು, ಪುಡಿ ವಾಸನೆ. ಅಷ್ಟರಲ್ಲಿ ಒಂಬತ್ತು ಲೀಟರ್ ಹಾಲು ಹೋಗಿತ್ತು. ವಾಪಸ್ ಬಂದ ಕೇಕೂ ಸೇರಿ 2,500 ರೂಪಾಯಿ ಕೈಬಿಟ್ಟಿರಬೇಕು.

ಕೊನೆಗೆ ಕೈಹಿಡಿದದ್ದು ನಂದಿನಿಯ ನೀಲಿ ಪ್ಯಾಕೆಟ್, ಕೊಬ್ಬು ಶೇ. 3 ಇರುವ ಟೋನ್ಡ್ ಹಾಲು, ಜೊತೆಗೆ ತೂಕದ ಸ್ಕೇಲು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಬಿಸಿ ಇದ್ದಾಗ ತೆಳ್ಳಗೆ ಕಾಣುತ್ತದೆ, ಇನ್ನೂ ಬತ್ತಲಿ ಅಂತ ಬಿಟ್ಟರೆ ಬಾಸುಂದಿ ಆಗಿಬಿಡುತ್ತದೆ. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಅಗಲ ಬಾಯಿಯ ದಪ್ಪ ತಳದ ಪಾತ್ರೆ, ಸಣ್ಣ ಉರಿ. ಒಂದು ಲೀಟರ್ 460, 470 ಗ್ರಾಂಗೆ ಇಳಿದಾಗ ಒಲೆ ಆರಿಸಿ. ಕೆನೆ ಕಟ್ಟಲು ಬಿಡಬೇಡಿ, ಕೈಯಾಡಿಸುತ್ತಲೇ ಇರಿ. ಆರಿದ ಮೇಲೆ ಒಂದೆರಡು ಚಮಚ ಹಾಲಿನ ಪುಡಿ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು. ಟಿನ್ ಹಾಲಿಗೆ ಒಂದು ಕಂದು ಛಾಯೆ, ಕಾಯಿಸಿದ ಪರಿಮಳ ಇರುತ್ತಲ್ಲ, ಅದನ್ನೂ ತಂದಿದ್ದೇನೆ. ಅದು ಹೇಗೆ ಅಂತ ಮಾತ್ರ ಹೇಳುವುದಿಲ್ಲ, ನನ್ನ ಆರ್ಡರ್‌ಗಳು ನಿಂತಿರುವುದೇ ಅದರ ಮೇಲೆ.

ಗ್ಯಾಸ್ ಸೇರಿ 65 ರೂಪಾಯಿಯೊಳಗೆ ಮುಗಿಯುತ್ತದೆ.

ಇದೇ ಹಾಲಿಗೆ ಸಿರ್ಸಿ ಕಡೆಯ ಜೋನಿ ಬೆಲ್ಲ (ಪಾಕದಂತಿರುವ ದ್ರವ ಬೆಲ್ಲ) ಹಾಕಿಯೂ ನೋಡಿದೆ. ಬಿಸಿ ಇದ್ದಾಗ ಹಾಕಿದ್ದಕ್ಕೆ ಒಡೆದೇ ಹೋಯಿತು. ಪೂರ್ತಿ ಆರಿಸಿ ಹಾಕಿದಾಗ ನಿಂತಿತು. ಆ ಕೇಕ್ ಇನ್ನೂ ಮಾರಾಟಕ್ಕೆ ಇಟ್ಟಿಲ್ಲ, ಆದರೆ ರುಚಿ ನೋಡಿದ ಅತ್ತೆ ಎರಡನೇ ತುಂಡು ಕೇಳಿದರು.

ಕಂಡೆನ್ಸ್ಡ್ ಮಿಲ್ಕ್ ಮಾತ್ರ ಈಗಲೂ ಅಂಗಡಿಯಿಂದಲೇ ತರುತ್ತೇನೆ. ಮನೆಯಲ್ಲಿ ಮಾಡಿದ್ದು ಆರುತ್ತಾ ಆರುತ್ತಾ ಹರಳುಗಟ್ಟಿ ನಾಲಿಗೆಗೆ ಮರಳು ಮರಳು. ಅರವತ್ತು ಎಪ್ಪತ್ತು ರೂಪಾಯಿ ಉಳಿಸಲು ಒಂದೂಕಾಲು ಗಂಟೆ ಒಲೆ ಮುಂದೆ ನಿಲ್ಲುವುದು ನನಗೆ ಗಿಟ್ಟಲಿಲ್ಲ.

ಒಂದು ಎಚ್ಚರ. ನಮ್ಮ ಬತ್ತಿಸಿದ ಹಾಲು ಟಿನ್‌ನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಫ್ರಿಡ್ಜ್‌ನಲ್ಲಿ ಮೂರು ದಿನ ಇಡುತ್ತೇನೆ, ಅಷ್ಟೇ. ಕೇಕ್ ಕೊಡುವ ಹಿಂದಿನ ದಿನ ಸಂಜೆ ಹಾಲು ಒಲೆಗೇರುತ್ತದೆ.